ಅಕ್ಬರನ ಇಬ್ಬರು ಅಪ್ಪಂದಿರು

ಕಳೆದ ಬೇಸಿಗೆ ರಜೆಯ ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ‘ಅಮರ್ ಅಕ್ಬರ್ ಆಂಟನಿ’ ನೋಡಿದೆವು. ನನಗದು ಎಷ್ಟನೆಯ ಸಲವೋ ಲೆಕ್ಕವಿಲ್ಲ. ಮೊದಲ ಸಲ ನೋಡಿದಾಗ ಎಂಟೋ ಒಂಬತ್ತೋ ವರ್ಷ. ನಮ್ಮ ಓಣಿಯಲ್ಲಿ ಯಾರದೋ ಮದುವೆ ಮುಗಿದ ಮರುದಿನ ಬಾಡಿಗೆಯ ಟಿವಿ, ವಿಸಿಆರ್ ತಂದು ಒಂದೇ ರಾತ್ರಿಯಲ್ಲಿ ಮೂರು ಸಿನಿಮಾ ಹಾಕಿದ್ದರು. ಮೊದಲನೆಯದು ಮುಗಿಯುವ ಮುಂಚೆಯೇ ಚಾಪೆಯ ಮೇಲೆ ನಿದ್ದೆ ಹೋಗಿದ್ದ ನಾನು ಕವ್ವಾಲಿಯ ಚಪ್ಪಾಳೆ ಸದ್ದಿಗೆ ಎದ್ದು ಕೂತೆ. ಆಮೇಲೆ ಬಹಳ ದಿನ ಓಣಿಯ ಹುಡುಗರಿಗೆಲ್ಲ ಅದೇ ಆಟ. ಆಂಟನಿಯಾಗಲು ಜಗಳ, ಅಕ್ಬರನಾಗಲು ಪೈಪೋಟಿ. ಅಮರನಾಗಲು ಮಾತ್ರ ಯಾರೂ ತಯಾರಿಲ್ಲ. ಪೊಲೀಸನಾಗಿ ಏನು ಸುಖ? ಕೊನೆಗೆ ಎಲ್ಲರಿಗಿಂತ ಚಿಕ್ಕವನನ್ನು ಹಿಡಿದು ಅಮರನನ್ನಾಗಿ ಮಾಡುತ್ತಿದ್ದೆವು.

ಈ ಸಲ ಸಿನಿಮಾ ಮುಗಿದಾಗ ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಕೇಳಿದಳು: “ಅಬ್ಬಾ, ಹಾಗಾದ್ರೆ ಅಕ್ಬರ್ ನಿಜವಾಗ್ಲೂ ಮುಸ್ಲಿಂ ಅಲ್ಲ, ಅಲ್ವಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂದು ಚಾಪೆಯ ಮೇಲೆ ಕೂತಿದ್ದ ನಮ್ಮ ಯಾರಿಗೂ ಈ ಪ್ರಶ್ನೆ ಬಂದಿರಲಿಲ್ಲ. ಮಕ್ಕಳಿಗೆ ಹೋಗಲಿ, ದೊಡ್ಡವರಿಗೂ ಬಂದಂತೆ ಕಾಣಲಿಲ್ಲ. ಸಿನಿಮಾ ಅದೇ, ಒಂದು ಫ್ರೇಮೂ ಬದಲಾಗಿಲ್ಲ. ಪ್ರಶ್ನೆ ಎಲ್ಲಿಂದ ಬಂತು?

ಕಥೆ ಗೊತ್ತಿಲ್ಲದವರು ಕಡಿಮೆ. ಆದರೂ ಎರಡು ಮಾತು. ಮಾಲೀಕ ರಾಬರ್ಟ್ ಮಾಡಿದ ತಪ್ಪನ್ನು ತಲೆಯ ಮೇಲೆ ಹೊತ್ತು ಜೈಲಿಗೆ ಹೋದ ಡ್ರೈವರ್ ಕಿಶನ್‌ಲಾಲ್ ಬಿಡುಗಡೆಯಾಗಿ ಬಂದು ನೋಡಿದರೆ ಹೆಂಡತಿ ಭಾರತಿಗೆ ಕ್ಷಯ, ಮಕ್ಕಳಿಗೆ ಹಸಿವು. ಆಗಸ್ಟ್ 15ರ ದಿನ, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳಲು, ಮೂವರು ಗಂಡುಮಕ್ಕಳನ್ನು ಪಾರ್ಕಿನ ಗಾಂಧಿ ಪ್ರತಿಮೆಯ ಬುಡದಲ್ಲಿ ಕೂರಿಸಿ ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಮೂವರೂ ಇಲ್ಲ. ಹಿರಿಯನನ್ನು ಪೊಲೀಸ್ ಅಧಿಕಾರಿ, ನಡುವಿನವನನ್ನು ಚರ್ಚಿನ ಪಾದ್ರಿ, ಕೈಗೂಸನ್ನು ಮುಸ್ಲಿಂ ದರ್ಜಿ ಎತ್ತಿಕೊಂಡು ಸಾಕುತ್ತಾರೆ. ತಾಯಿಗೆ ಕಣ್ಣು ಹೋಗುತ್ತದೆ. ತಾಯಿಯ ಹೆಸರು ಭಾರತಿ, ತಾರೀಖು ಆಗಸ್ಟ್ 15, ಜಾಗ ಗಾಂಧಿ ಪ್ರತಿಮೆ. ನಿರ್ದೇಶಕ ಮನಮೋಹನ್ ದೇಸಾಯಿ ಸಂಕೇತಗಳನ್ನು ಬಚ್ಚಿಡುವ ಜಾಯಮಾನದವರಲ್ಲ. ಗಾಂಧಿ ಇಲ್ಲದ ಮನೆಯಲ್ಲಿ ಮಕ್ಕಳು ಚೆಲ್ಲಾಪಿಲ್ಲಿಯಾದರು ಎನ್ನಲು ಬೇರೆ ವ್ಯಾಖ್ಯಾನಕಾರ ಬೇಕಿಲ್ಲ.

ಚಿತ್ರ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ತುರ್ತುಪರಿಸ್ಥಿತಿ ಮುಗಿದು ಎರಡು ತಿಂಗಳು. ಅದೇ ಜನವರಿಯಲ್ಲಿ 42ನೆಯ ತಿದ್ದುಪಡಿಯ ಮೂಲಕ ಸಂವಿಧಾನದ ಪ್ರಸ್ತಾವನೆಗೆ ‘ಜಾತ್ಯತೀತ’ ಎಂಬ ಪದ ಅಧಿಕೃತವಾಗಿ ಸೇರಿತ್ತು. ಹಿಂದಿನ ವರ್ಷವಷ್ಟೇ ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಅದೇ ಸರಕಾರ ಬಡ ಮುಸಲ್ಮಾನರ ಮನೆಗಳ ಮೇಲೆ ಬುಲ್ಡೋಜರ್ ಓಡಿಸಿತ್ತು. ಪುಸ್ತಕದಲ್ಲಿ ಪದ ಸೇರುತ್ತಿತ್ತು, ಬೀದಿಯಲ್ಲಿ ಮನೆ ಉರುಳುತ್ತಿತ್ತು. ಈ ಸಿನಿಮಾ ಆ ಹೊತ್ತಿನ ಕೂಸು. ಅದರಲ್ಲಿ ಬುಲ್ಡೋಜರ್ ಇಲ್ಲ, ಪೊಲೀಸರೆಲ್ಲ ಒಳ್ಳೆಯವರು.

ನಗಿಸುವ ಸಿನಿಮಾವನ್ನು ಹೀಗೆ ಕೆದಕುವುದು ಸರಿಯೇ ಎಂದು ಕೆಲವರು ಕೇಳಬಹುದು. ಪ್ರಯೋಗಾಲಯದ ಕಪ್ಪೆಯಂತೆ ಅದನ್ನು ಕೊಯ್ಯುವುದು ನನಗೂ ಇಷ್ಟವಿಲ್ಲ. ಆದರೆ ಒಂದು ಸಮಾಜ ತನ್ನ ಬಗ್ಗೆ ಏನೆಂದುಕೊಂಡಿದೆ ಎಂಬುದು ಗಂಭೀರ ಭಾಷಣಗಳಲ್ಲಿ ಸಿಕ್ಕುವುದಕ್ಕಿಂತ ಹೆಚ್ಚಾಗಿ ಅದು ನಿಶ್ಚಿಂತೆಯಿಂದ ನಗುವ ಕಡೆ ಸಿಕ್ಕುತ್ತದೆ. ಭಾಷಣದಲ್ಲಿ ಎಚ್ಚರವಿರುತ್ತದೆ, ನಗೆಯಲ್ಲಿ ಇರುವುದಿಲ್ಲ.

ಎಚ್ಚರವಿಲ್ಲದ ಕಡೆ ಏನೇನಿದೆ ನೋಡಿ. ಮೂವರು ಅಣ್ಣತಮ್ಮಂದಿರಿಗೆ ಸಿಕ್ಕಿರುವ ಉದ್ಯೋಗಗಳು: ಅಮರ್ ಇನ್ಸ್‌ಪೆಕ್ಟರ್, ಆಂಟನಿ ಸಾರಾಯಿ ಅಂಗಡಿಯವನು, ಅಕ್ಬರ್ ಕವ್ವಾಲ. ಹಿಂದೂ ಅಣ್ಣನ ಪಾಲಿಗೆ ಕಾನೂನು, ಕ್ರೈಸ್ತನ ಪಾಲಿಗೆ ಬಾಟಲಿ, ಮುಸಲ್ಮಾನನ ಪಾಲಿಗೆ ಹಾಡು. ಆಸ್ತಿ ಪಾಲಾದದ್ದು ಹೀಗೆ. ಆಂಟನಿಯ ಕೊರಳಲ್ಲಿ ಶಿಲುಬೆ, ಅಕ್ಬರನ ಮೈಮೇಲೆ ಬಲೆಬನಿಯನ್ನು, ತುಟಿಯಲ್ಲಿ ಶಾಯರಿ. ಅಮರನಿಗೆ ಇಂಥ ಯಾವ ಗುರುತೂ ಬೇಕಿಲ್ಲ, ಖಾಕಿ ಸಾಕು. ಗುರುತು ಹೊತ್ತು ತಿರುಗಬೇಕಾದವರು ಉಳಿದಿಬ್ಬರು. ತಮ್ಮ ಆಂಟನಿಯನ್ನು ಬೀದಿಯಲ್ಲಿ ಹೊಡೆದು ಲಾಕಪ್ಪಿಗೆ ಹಾಕುವವನೂ ಅಮರನೇ. ನಾವೆಲ್ಲ ನಕ್ಕೆವು. ನಮ್ಮ ಓಣಿಯ ಹುಡುಗರಿಗೆ ಅಮರನಾಗಲು ಮನಸ್ಸಿರಲಿಲ್ಲ ಎಂದೆನಲ್ಲ, ಬರಿಯ ಮಜಾ ಇಲ್ಲವೆಂದೋ, ಆ ಬಟ್ಟೆ ನಮ್ಮ ಅಳತೆಯದಲ್ಲ ಎಂದು ಆಗಲೇ ಎಲ್ಲೋ ಅನ್ನಿಸಿತ್ತೋ, ಈಗ ಹೇಳಲಾರೆ. (ಮುಂದೆ ಅಮರನ ಪಾತ್ರಧಾರಿ ವಿನೋದ್ ಖನ್ನಾ ಬಿಜೆಪಿಯಿಂದಲೂ, ಆಂಟನಿಯ ಪಾತ್ರಧಾರಿ ಅಮಿತಾಭ್ ಕಾಂಗ್ರೆಸ್ಸಿನಿಂದಲೂ ಲೋಕಸಭೆಗೆ ಹೋದರು. ಅಕ್ಬರನ ಪಾತ್ರ ಮಾಡಿದ ರಿಷಿ ಕಪೂರ್ ಹೋಗಲಿಲ್ಲ. ಇದರಲ್ಲಿ ಅರ್ಥ ಹುಡುಕಬೇಕಿಲ್ಲ, ಆದರೂ ನೆನಪಾಗುತ್ತದೆ.)

ಹಾಗೆಂದು ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಅಕ್ಬರನ ಪ್ರಿಯತಮೆ ಸಲ್ಮಾಳನ್ನೇ ನೋಡಿ. ಕವ್ವಾಲಿಯ ಸಭೆಯಲ್ಲಿ ಬುರ್ಖಾ, ಆಸ್ಪತ್ರೆಯಲ್ಲಿ ಬಿಳಿ ಕೋಟು. ಅವಳು ಡಾಕ್ಟರು. ಕೋಠಾ, ಕಣ್ಣೀರು, ಗಝಲ್ ಇಷ್ಟರಲ್ಲೇ ಮುಸ್ಲಿಂ ಹೆಣ್ಣನ್ನು ಮುಗಿಸುತ್ತಿದ್ದ ಹಿಂದಿ ಚಿತ್ರರಂಗದಲ್ಲಿ ಒಬ್ಬ ಮರದ ವ್ಯಾಪಾರಿಯೋ ಮತ್ತೇನೋ ಆದ ಸಾಹೇಬರ ಮಗಳು ಡಾಕ್ಟರಾಗಿ ಓಡಾಡುವುದನ್ನು ಯಾರೂ ಅದ್ಭುತವೆಂಬಂತೆ ತೋರಿಸುವುದಿಲ್ಲ. ಅವಳ ಬುರ್ಖಾ ಸಮಸ್ಯೆಯಲ್ಲ, ಡಾಕ್ಟರಿಕೆ ಕ್ರಾಂತಿಯಲ್ಲ. ಎರಡೂ ಒಬ್ಬಳದೇ. ನನ್ನ ಮಗಳ ಕಾಲದಲ್ಲಿ ಶಾಲೆಯ ಬಾಗಿಲಲ್ಲಿ ನಿಂತು ಎರಡರಲ್ಲಿ ಒಂದನ್ನು ಆರಿಸಿಕೋ ಎಂದದ್ದನ್ನು ನೋಡಿದ ಮೇಲೆ ಈ ಸಣ್ಣ ಸಂಗತಿ ಸಣ್ಣದಾಗಿ ಕಾಣುತ್ತಿಲ್ಲ.

ಇನ್ನು ಅಕ್ಬರನ ಪೂರ್ತಿ ಹೆಸರು: ಅಕ್ಬರ್ ಇಲಾಹಾಬಾದಿ. ಉರ್ದು ಓದಿದವರಿಗೆ ಇಲ್ಲೊಂದು ನಗೆ ಹೆಚ್ಚುವರಿ. ಆ ಹೆಸರಿನ ನಿಜವಾದ ಕವಿ (1846–1921) ನಮ್ಮ ಪ್ರೈಮರಿ ಪಠ್ಯದಲ್ಲಿದ್ದರು. ಬ್ರಿಟಿಷರ ನ್ಯಾಯಾಲಯದಲ್ಲಿ ಜಡ್ಜ್ ಆಗಿದ್ದುಕೊಂಡೇ ಬ್ರಿಟಿಷರ ಅನುಕರಣೆಯನ್ನು ಗೇಲಿ ಮಾಡಿದವರು. ಹೆಣ್ಣುಮಕ್ಕಳ ಪರ್ದಾ ಜಾರುತ್ತಿರುವುದನ್ನು ಕಂಡು ಮರುಗಿ ಅಣಕಿಸಿದವರು. ಸಿನಿಮಾದ ಅಕ್ಬರ್ ಇಲಾಹಾಬಾದಿ ವೇದಿಕೆಯ ಮೇಲಿಂದ, ತುಂಬಿದ ಸಭೆಯಲ್ಲಿ, ಪರ್ದಾ ಸರಿಸೆಂದು ಹುಡುಗಿಯನ್ನು ಪೀಡಿಸುತ್ತಾನೆ. ಜಡ್ಜ್ ಸಾಹೇಬರು ಇದ್ದಿದ್ದರೆ ಈ ಅಕ್ಬರನಿಗೆ ಎಷ್ಟು ತಿಂಗಳು ಸಜೆ ಕೊಡುತ್ತಿದ್ದರೋ. ನಿಜವಾದ ಇಲಾಹಾಬಾದಿ ಯಾರೆಂದರೆ ಆಂಟನಿ; ಅಮಿತಾಭ್ ಹುಟ್ಟಿದ್ದು ಅಲ್ಲಿ, 1984ರಲ್ಲಿ ಗೆದ್ದದ್ದೂ ಅಲ್ಲಿಂದ. 2018ರಲ್ಲಿ ಆ ಊರಿನ ಹೆಸರು ಪ್ರಯಾಗರಾಜ್ ಆಯಿತು. 2021ರ ಕೊನೆಯಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ವೆಬ್‌ಸೈಟಿನಲ್ಲಿ ಕವಿಯ ಹೆಸರೂ ‘ಅಕ್ಬರ್ ಪ್ರಯಾಗರಾಜಿ’ ಎಂದಾಗಿತ್ತು. ಗದ್ದಲವಾದ ಮೇಲೆ, ಯಾರೋ ಸೈಟನ್ನು ಹ್ಯಾಕ್ ಮಾಡಿದ್ದಾರೆ ಎಂದರು. ಸತ್ತು ನೂರು ವರ್ಷವಾದ ಕವಿಯನ್ನೂ ಅವನ ಹೆಸರಿನಲ್ಲಿ ಉಳಿಯಗೊಡುವುದಿಲ್ಲ. ಅಂದ ಹಾಗೆ, ಈ ಸಿನಿಮಾದ ಚಿತ್ರಕಥೆ ಬರೆದವರ ಹೆಸರು ಪ್ರಯಾಗ್ ರಾಜ್. ಮನಮೋಹನ್ ದೇಸಾಯಿಯೇ ಇಂಥ ಕಾಕತಾಳೀಯವನ್ನು ಕಟ್ಟಿದ್ದರೆ ನಾವು ನಂಬುತ್ತಿರಲಿಲ್ಲ.

ಮಗಳ ಪ್ರಶ್ನೆಗೆ ಬರುತ್ತೇನೆ. ಅದು ನನ್ನನ್ನು ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು. ನನ್ನ ಜೊತೆ ಕೆಲಸ ಮಾಡುವ ಹಿರಿಯ ಮಿತ್ರರೊಬ್ಬರಿದ್ದಾರೆ. ನನ್ನ ಕಥೆಗಳನ್ನು ಮೊದಲು ಓದುವವರು ಅವರು. ಅಮ್ಮಿಗೆ ಆಪರೇಷನ್ ಆದಾಗ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರು. ಅವರಿಗೆ ಪ್ರೀತಿ ಉಕ್ಕಿದಾಗ ಒಂದು ಮಾತು ಹೇಳುತ್ತಾರೆ: “ಸಾಹೇಬ್ರೇ, ನೀವೂ ನಮ್ಮವರೇ ಬಿಡಿ. ನಿಮ್ಮ ತಾತ ಮುತ್ತಾತಂದಿರೂ ಒಂದು ಕಾಲಕ್ಕೆ ನಮ್ಮವರೇ ತಾನೇ!” ನಾನು ನಗುತ್ತೇನೆ. ಅವರ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿಲ್ಲವೆಂದು ನನಗೆ ಗೊತ್ತು. ಆದರೂ ಮನೆಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಮುಳ್ಳು ಮುರಿದು ಉಳಿದ ಹಾಗೆ. ಇರಬಹುದು, ನಮ್ಮ ಮುತ್ತಾತ ಅವರವನೇ ಇರಬಹುದು. ಇರದಿದ್ದರೆ?

ಇದೇ ಪ್ರಶ್ನೆಯನ್ನು ಈ ಸಿನಿಮಾಕ್ಕೂ ಕೇಳಬೇಕು. ಅಮರ್, ಅಕ್ಬರ್, ಆಂಟನಿ ಸಹೋದರರು ಎಂದು ದೇಶವೆಲ್ಲ ಚಪ್ಪಾಳೆ ತಟ್ಟಿತು. ಆದರೆ ಮೂವರೂ ಹುಟ್ಟಿನಿಂದ ಒಂದೇ ಹಿಂದೂ ಮನೆಯವರು. ಅಕ್ಬರ್ ನಿಜವಾಗಿಯೂ ಆ ದರ್ಜಿಯ ಹೆಂಡತಿಯ ಹೊಟ್ಟೆಯಲ್ಲಿ ಹುಟ್ಟಿದ್ದರೆ ಅವನು ಅಮರನಿಗೆ ಏನಾಗುತ್ತಿದ್ದ? ಗೆಳೆಯ? ನೆರೆಯವ? ಅಥವಾ ಪರದೆಯ ಅಂಚಿನಲ್ಲಿ ಬಂದು ಹೀರೋಗಾಗಿ ಪ್ರಾಣ ಬಿಡುವ, ಎಲ್ಲ ಹಿಂದಿ ಸಿನಿಮಾಗಳಲ್ಲೂ ಇರುವ ಆ ‘ಒಳ್ಳೆಯ ಮುಸಲ್ಮಾನ’? ಇವನು ಅಂಚಿನಿಂದ ನಡುವಿಗೆ ಬರಬೇಕಾದರೆ ಗುಟ್ಟಾಗಿ ಹಿಂದೂ ರಕ್ತ ಇರಬೇಕಾಯಿತೇ?

ಯಶ್ ಚೋಪ್ರಾ ಅವರ ‘ಧರ್ಮಪುತ್ರ’ (1961) ಇದನ್ನೇ ತಿರುವಿ ಹಾಕಿತ್ತು. ಮುಸ್ಲಿಂ ತಾಯಿಯ ಮಗು ಹಿಂದೂ ಮನೆಯಲ್ಲಿ ಬೆಳೆದು ಮುಸಲ್ಮಾನರನ್ನು ದ್ವೇಷಿಸುವ ಯುವಕನಾಗುತ್ತದೆ. ಅವನನ್ನು ತಡೆಯುವುದು ಅವನ ಹುಟ್ಟಿನ ಗುಟ್ಟು. ಧೈರ್ಯದ ಚಿತ್ರ, ಸಂದೇಹವಿಲ್ಲ. ಆದರೆ ಅಲ್ಲೂ ಮದ್ದು ರಕ್ತದ್ದೇ. ನೀನು ಕೊಲ್ಲಹೊರಟದ್ದು ನಿನ್ನವರನ್ನೇ, ಆದ್ದರಿಂದ ಬಿಡು ಎಂದಹಾಗಾಯಿತು. ಅಪ್ಪಟ ಹಿಂದೂ ತಾಯಿಗೆ ಹುಟ್ಟಿ ದ್ವೇಷಿಸುವವನಿಗೆ ಈ ಮದ್ದು ಹತ್ತುವುದಿಲ್ಲ. ಅವನಿಗೆ ಏನು ಹೇಳೋಣ?

ಇಷ್ಟಕ್ಕೇ ನಿಲ್ಲಿಸಿದರೆ ‘ಅಮರ್ ಅಕ್ಬರ್ ಆಂಟನಿ’ಗೆ ಅನ್ಯಾಯವಾಗುತ್ತದೆ. ಯಾಕೆಂದರೆ ಅದು ಹಾಡಿನಲ್ಲಿ ಹೇಳುವುದೊಂದು, ದೃಶ್ಯದಲ್ಲಿ ತೋರಿಸುವುದು ಮತ್ತೊಂದು.

ಆಸ್ಪತ್ರೆಯ ದೃಶ್ಯ ಎಲ್ಲರಿಗೂ ನೆನಪಿದೆ. ಅಪಘಾತವಾಗಿ ಬಿದ್ದಿರುವ, ಹೂ ಮಾರುವ ಕುರುಡಿ ಮುದುಕಿ. ಸಾಲಾಗಿ ಮೂರು ಮಂಚ, ಮೂವರು ಯುವಕರು, ಹಿಂದಿನ ಕಿಟಕಿಗಳಲ್ಲಿ ಗುಡಿ, ಮಸೀದಿ, ಚರ್ಚು. ಮೂವರ ತೋಳಿನಿಂದ ರಕ್ತ ನಳಿಕೆಗಳಲ್ಲಿ ಮೇಲಕ್ಕೆ ಏರಿ ಒಂದೇ ಬಾಟಲಿ ಸೇರಿ ಅಲ್ಲಿಂದ ತಾಯಿಯ ಮೈಗೆ ಇಳಿಯುತ್ತದೆ. ಗುರುತ್ವಾಕರ್ಷಣೆಗೂ ವೈದ್ಯಶಾಸ್ತ್ರಕ್ಕೂ ಆ ದಿನ ರಜೆ. ಚಿತ್ರದ ಹೆಸರು ಪರದೆಯ ಮೇಲೆ ಬರುವುದೇ ಆಗ, ಕಥೆ ಶುರುವಾಗಿ ಬಹಳ ಹೊತ್ತಾದ ಮೇಲೆ. ಹಿನ್ನೆಲೆಯಲ್ಲಿ ರಫಿಯ ದನಿ ರಕ್ತಸಂಬಂಧದ ಮಹಿಮೆಯನ್ನು ಹಾಡುತ್ತದೆ. ನಾವು ಪ್ರೇಕ್ಷಕರಿಗೆ ಗುಟ್ಟು ಗೊತ್ತು, ಅದಕ್ಕೇ ಕಣ್ಣು ತುಂಬುತ್ತದೆ.

ಆದರೆ ಮಂಚದ ಮೇಲೆ ಮಲಗಿರುವ ಮೂವರಿಗೆ ಗುಟ್ಟು ಗೊತ್ತಿಲ್ಲ! ಅವರು ತೋಳು ಚಾಚಿರುವುದು ಬೀದಿಯಲ್ಲಿ ಬಿದ್ದ ಯಾರೋ ಮುದುಕಿಗಾಗಿ. ಪಕ್ಕದ ಮಂಚದವನ ಹೆಸರೂ ಅವರಿಗೆ ಆಗಷ್ಟೇ ತಿಳಿಯುತ್ತದೆ. ಆ ದೃಶ್ಯದಲ್ಲಿ ನಡೆಯುವ ಒಳ್ಳೆಯ ಕೆಲಸವೆಲ್ಲ ಅಪರಿಚಿತರ ನಡುವೆ ನಡೆಯುತ್ತದೆ. ಅವರು ಅಣ್ಣತಮ್ಮಂದಿರಾಗಿ ರಕ್ತ ಕೊಡಲಿಲ್ಲ, ಕೊಟ್ಟು ಆದಮೇಲೆ ಬಹಳ ದಿನಕ್ಕೆ ಅಣ್ಣತಮ್ಮಂದಿರೆಂದು ತಿಳಿಯಿತು. ಹಾಡನ್ನು ಕಿವಿಯಿಂದ ತೆಗೆದುಹಾಕಿ ಬರಿಯ ಕಣ್ಣಿನಿಂದ ನೋಡಿದರೆ ಆ ದೃಶ್ಯದ ಅರ್ಥ ಬೇರೆಯಾಗುತ್ತದೆ. ನನ್ನ ಮಿತ್ರರು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ ಆ ಎರಡು ರಾತ್ರಿ ನಮ್ಮ ಮುತ್ತಾತನ ಬಗ್ಗೆ ಯೋಚಿಸುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯದು ಇನ್ನೂ ದೊಡ್ಡ ಸಂಗತಿ. ಕೊನೆಯಲ್ಲಿ ಗುಟ್ಟು ಒಡೆಯುತ್ತದೆ. ತಾಯಿ, ತಂದೆ, ಅಣ್ಣಂದಿರು ಎಲ್ಲ ಸಿಕ್ಕುತ್ತಾರೆ. ಸಿಕ್ಕಿದ ಮೇಲೂ ಅಕ್ಬರ್ ಅಕ್ಬರನೇ. ಆಂಟನಿ ಆಂಟನಿಯೇ. ನಿನ್ನ ನಿಜವಾದ ಹೆಸರು ಇದಲ್ಲ, ಬಾ ಮನೆಗೆ ಎಂದು ಯಾರೂ ಕರೆಯುವುದಿಲ್ಲ. ಅಕ್ಬರನಿಗೆ ಸಲ್ಮಾ, ಆಂಟನಿಗೆ ಜೆನ್ನಿ. ಯಾವ ಧರ್ಮದಲ್ಲಿ ಬೆಳೆದರೋ ಆ ಧರ್ಮದ ಸಂಗಾತಿಗಳ ಜೊತೆಗೇ ಹಾಡುತ್ತಾ ಕಾರಿನಲ್ಲಿ ಹೋಗುತ್ತಾರೆ. ಈ ಮಾತನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಸಂಗತಿಯೆಂದು ಅದಕ್ಕೆ ಅನ್ನಿಸಿಯೇ ಇಲ್ಲ. 1977ರ ಕೋಟ್ಯಂತರ ಪ್ರೇಕ್ಷಕರಿಗೂ ಅನ್ನಿಸಲಿಲ್ಲ. 2014ರ ಡಿಸೆಂಬರಿನಲ್ಲಿ ಆಗ್ರಾದ ಕೊಳೆಗೇರಿಯೊಂದರ ಬಡ ಮುಸ್ಲಿಂ ಕುಟುಂಬಗಳನ್ನು ಹೋಮದ ಮುಂದೆ ಕೂರಿಸಿ ‘ಘರ್ ವಾಪ್ಸಿ’ ಎಂದು ಸಾರಿದರು. ಪಡಿತರ ಚೀಟಿ, ನಿವೇಶನ ಕೊಡಿಸುತ್ತೇವೆಂದು ಕರೆದಿದ್ದರು ಎಂದು ಅವರಲ್ಲಿ ಕೆಲವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಮರಳಿ ಮನೆಗೆ ಎನ್ನುವುದರ ಹಿಂದಿರುವ ತರ್ಕ ಇಷ್ಟೇ: ನಿನ್ನ ರಕ್ತ ನಮ್ಮದು, ನೀನು ಬೆಳೆದ ಮನೆ ನಿನ್ನದಲ್ಲ. ಈ ರಾಜಕಾರಣ ದೇಸಾಯಿಯ ಸಿನಿಮಾದಿಂದ ಹಾಡನ್ನು ಎತ್ತಿಕೊಂಡಿತು, ಕೊನೆಯ ರೀಲನ್ನು ಕತ್ತರಿಸಿ ಬಿಸಾಡಿತು.

ಅದೇ ವರ್ಷ, ಅದೇ ದೇಸಾಯಿ ‘ಪರ್ವರಿಶ್’ ಎಂಬ ಇನ್ನೊಂದು ಚಿತ್ರ ಮಾಡಿದ್ದರು (ಆ ವರ್ಷ ಅವರ ನಾಲ್ಕು ಚಿತ್ರಗಳು ಬಂದವು, ನಾಲ್ಕೂ ಗೆದ್ದವು). ಅದರಲ್ಲಿ ಡಕಾಯಿತನ ಮಗ ಪೊಲೀಸ್ ಅಧಿಕಾರಿಯ ಮನೆಯಲ್ಲಿ ಬೆಳೆದು ಪೊಲೀಸನಾಗುತ್ತಾನೆ. ಅಧಿಕಾರಿಯ ಸ್ವಂತ ಮಗ ತಾನೇ ಡಕಾಯಿತನ ಮಗನೆಂದು ತಪ್ಪು ತಿಳಿದು ಕಳ್ಳದಾರಿ ಹಿಡಿಯುತ್ತಾನೆ. ಅಂದರೆ ರಕ್ತ ಏನೂ ಮಾಡಲಿಲ್ಲ, ರಕ್ತದ ಬಗೆಗಿನ ನಂಬಿಕೆ ಎಲ್ಲವನ್ನೂ ಮಾಡಿತು. ಪರ್ವರಿಶ್ ಎಂದರೆ ಸಾಕುವುದು, ಪೊರೆಯುವುದು. ದೇವರನ್ನು ಉರ್ದುವಿನಲ್ಲಿ ಪರ್ವರ್ದಿಗಾರ್ ಎನ್ನುತ್ತೇವೆ, ಪೊರೆಯುವವನು. ಅದೇ ಬೇರಿನ ಪದ. ಚಿಕ್ಕಂದಿನಲ್ಲಿ ಈ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಉಸ್ತಾದರು ಸಿನಿಮಾ ನೋಡುವುದು ಗುನಾಹ್ ಎಂದೂ ಹೇಳಿದ್ದರು. ಎರಡು ಪಾಠಗಳಲ್ಲಿ ನಾನು ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

‘ಅಮರ್ ಅಕ್ಬರ್ ಆಂಟನಿ’ಯ ಕ್ಲೈಮ್ಯಾಕ್ಸ್ ನೋಡುವಾಗಲೂ ಇದನ್ನು ಗಮನಿಸಿ. ಖಳನ ಮನೆಗೆ ಮೂವರೂ ವೇಷ ಮರೆಸಿಕೊಂಡು ನುಗ್ಗುತ್ತಾರೆ. ಅಮರ್ ಮೈತುಂಬ ವಾದ್ಯ ಕಟ್ಟಿಕೊಂಡ ಬ್ಯಾಂಡಿನವನು. ಆಂಟನಿ ಹಾಕುವ ವೇಷ ಪಾದ್ರಿಯದು. ಅಕ್ಬರನದು ಮುದಿ ದರ್ಜಿಯದು. ತಾಯಿಯನ್ನೂ ಪ್ರಿಯತಮೆಯರನ್ನೂ ಬಿಡಿಸಲು ಹೋಗುವಾಗ ಇವರಿಬ್ಬರ ಕೈಗೆ ಬಂದದ್ದು ಸಾಕಿದ ಅಪ್ಪಂದಿರ ನಿಲುವಂಗಿ ಮತ್ತು ಅಳತೆಪಟ್ಟಿ. ಹಡೆದಪ್ಪ ಕಿಶನ್‌ಲಾಲ್ ಅಷ್ಟು ಹೊತ್ತಿಗೆ ಸ್ಮಗ್ಲರ್ ಆಗಿ ಹೋಗಿದ್ದಾನೆ. ಅವನು ಮಾಡಿದ ಒಂದೇ ಒಳ್ಳೆಯ ಕೆಲಸವೂ ಸಾಕಿದ್ದೇ. ಸೇಡಿಗಾಗಿ ಎತ್ತಿಕೊಂಡು ಬಂದ ರಾಬರ್ಟನ ಮಗಳು ಜೆನ್ನಿಯನ್ನು ಸ್ವಂತ ಮಗಳಂತೆ ಬೆಳೆಸುತ್ತಾನೆ. ಅವಳ ಹೆಸರನ್ನು ಲಕ್ಷ್ಮಿಯೆಂದೋ ಸೀತೆಯೆಂದೋ ಬದಲಿಸುವುದಿಲ್ಲ, ಜೆನ್ನಿಯಾಗಿಯೇ ಬೆಳೆಸುತ್ತಾನೆ. ಅತ್ತ ಅವನ ಮಕ್ಕಳು ಬೇರೆಯವರ ಮನೆಯಲ್ಲಿ, ಇತ್ತ ಬೇರೆಯವರ ಮಗಳು ಅವನ ಮನೆಯಲ್ಲಿ. ಈ ಸಿನಿಮಾದಲ್ಲಿ ತಂದೆತನವೆಂಬುದು ಸಾಲ ಕೊಟ್ಟು ತೆಗೆದುಕೊಂಡ ಅಕ್ಕಿಯಂತೆ ಓಣಿ ತುಂಬ ಓಡಾಡಿದೆ.

ದರ್ಜಿ ಸಾಕಿದ ಈ ಮಗುವಿನ ಕಥೆ ನಮಗೆ ಹೊಸದಲ್ಲ, ಐನೂರು ವರ್ಷ ಹಳೆಯದು. ಕಾಶಿಯ ಲಹರ್ತಾರಾ ಕೆರೆಯ ಬಳಿ ನೀರು, ನೀಮಾ ಎಂಬ ಮುಸ್ಲಿಂ ನೇಕಾರ ದಂಪತಿಗಳಿಗೆ ಒಂದು ಕೂಸು ಸಿಕ್ಕಿತಂತೆ. ಅದೇ ಕಬೀರ. ಆ ಕೂಸನ್ನು ಹಡೆದವಳು ಬ್ರಾಹ್ಮಣ ವಿಧವೆಯೆಂದು ಆಮೇಲಿನವರು ಸೇರಿಸಿದರು. ಕಬೀರನ ಪದಗಳಲ್ಲಿ ಅವನು ತನ್ನನ್ನು ಜುಲಾಹಾ, ಅಂದರೆ ನೇಕಾರ ಎಂದು ಮತ್ತೆ ಮತ್ತೆ ಕರೆದುಕೊಳ್ಳುತ್ತಾನೆ, ಮಗ್ಗದ ಮಾತಾಡುತ್ತಾನೆ. ಆದರೆ ಇಷ್ಟು ದೊಡ್ಡ ಅರಿವು ಮುಸ್ಲಿಂ ನೇಕಾರನ ಮನೆಯಲ್ಲಿ ಹುಟ್ಟಲು ಸಾಧ್ಯವೇ ಎಂದು ಯಾರಿಗೋ ಅನುಮಾನ ಬಂದಿರಬೇಕು. ಮಗ್ಗದಿಂದ ಬಂದದ್ದಕ್ಕೆ ಹೊಟ್ಟೆಯಲ್ಲಿ ಕಾರಣ ಹುಡುಕಿದರು. ನಮ್ಮ ಶಿಶುನಾಳದ ಶರೀಫರ (1819–1889) ವಿಷಯದಲ್ಲಿ ಕನ್ನಡ ನಾಡಿನ ಜನಪದ ಹೆಚ್ಚು ನಿರಾಳವಾಗಿತ್ತು ಎಂದು ನನಗನ್ನಿಸುತ್ತದೆ. ಗುರು ಗೋವಿಂದ ಭಟ್ಟರು ಶರೀಫರ ಕೊರಳಿಗೆ ಜನಿವಾರ ಹಾಕಿದರೆಂಬ ಕಥೆ ಹೇಳುತ್ತಾರೆ, ಆದರೆ ಶರೀಫರು ಇಮಾಮ್ ಸಾಹೇಬರ ಮಗನಾಗಿಯೇ ಆ ಕಥೆಯಲ್ಲಿ ಉಳಿಯುತ್ತಾರೆ. ಭಟ್ಟರು ಅವರಲ್ಲಿ ಗುಟ್ಟಾದ ಬ್ರಾಹ್ಮಣ ರಕ್ತವನ್ನೇನೂ ಕಂಡುಹಿಡಿಯಲಿಲ್ಲ.

ಇಷ್ಟೆಲ್ಲ ಅವರ ಕಡೆಗೆ ಬೆರಳು ತೋರಿಸಿ ಬರೆದು ಮುಗಿಸಿದರೆ ನಾನು ಸುಳ್ಳನಾಗುತ್ತೇನೆ. ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಒಂದು ಶಜರಾ ಇದೆ, ವಂಶಾವಳಿ. ದಾದಾ ಅದನ್ನು ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅದರ ಪ್ರಕಾರ ನಮ್ಮ ಹಿರೀಕರು ಬಗ್ದಾದಿನಿಂದ ಬಂದವರು. ನಡುವಿನ ನಾಲ್ಕೈದು ತಲೆಮಾರುಗಳನ್ನು ಗೆದ್ದಲು ತಿಂದಿದೆ, ಬಹುಶಃ ಮುಖ್ಯವಾದದ್ದನ್ನೇ ತಿಂದಿದೆ. ನನ್ನ ಫುಪ್ಪುವಿಗೆ ಬಂದ ಒಳ್ಳೆಯ ಸಂಬಂಧವೊಂದನ್ನು ಈ ಶಜರಾದ ಬಲದಿಂದಲೇ ಮನೆಯವರು ತಿರಸ್ಕರಿಸಿದ್ದರು. ಹುಡುಗ ಓದಿದವನು, ನಮಾಜಿ, ಆದರೆ ಅವನ ಅಪ್ಪ ಪಿಂಜಾರ. ಸಹಭೋಜನದಲ್ಲಿ, ಮಸೀದಿಯ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸುವ ನಾವು ನಿಕಾಹದ ಮಾತು ಬಂದಾಗ ಸಯ್ಯದ್, ಶೇಖ್, ಪಠಾಣ್ ಎಂದು ಎಣಿಸತೊಡಗುತ್ತೇವೆ. ಸಿನಿಮಾದ ತಯ್ಯಬ್ ಅಲಿ, ಸಲ್ಮಾಳ ಅಪ್ಪ, ನಮ್ಮ ದಾದಾಗಿಂತ ವಾಸಿ. ಕವ್ವಾಲ ಅಳಿಯ ಬೇಡವೆಂದು ಎಗರಾಡುತ್ತಾನೆ, ಬೆಂಕಿಯಿಂದ ಪಾರುಮಾಡಿದ ಮೇಲೆ ಒಪ್ಪುತ್ತಾನೆ. ಹುಡುಗನ ನಸಲ್ ಯಾವುದು, ಹಡೆದವರು ಯಾರು ಎಂಬುದನ್ನು ಸಿನಿಮಾ ಅವನ ಬಾಯಲ್ಲಿ ಹಾಕುವುದೇ ಇಲ್ಲ. ನನ್ನ ಮಿತ್ರರಿಗೆ ನಮ್ಮ ರಕ್ತ ಇಲ್ಲಿಯದೆಂದು ತೋರಿಸುವ ಆಸೆ, ನಮ್ಮ ದಾದಾಗೆ ಅದು ಬಗ್ದಾದಿನದೆಂದು ತೋರಿಸುವ ಹಟ. ಇಬ್ಬರೂ ಒಂದೇ ಟ್ರಂಕನ್ನು ಎರಡು ಕಡೆಯಿಂದ ಎಳೆಯುತ್ತಿದ್ದಾರೆ. “ಅಕ್ಬರ್ ನಿಜವಾಗ್ಲೂ ಮುಸ್ಲಿಂ ಅಲ್ಲ, ಅಲ್ವಾ?” ಎಂಬ ಪ್ರಶ್ನೆ ಮಗಳಿಗೆ ಶಾಲೆಯಿಂದಲೇ ಬಂದಿರಬೇಕಿಲ್ಲ, ಆ ಟ್ರಂಕಿನಿಂದಲೂ ಬಂದಿರಬಹುದು.

ಇಸ್ಲಾಮಿನಲ್ಲಿ ದತ್ತು ಇಲ್ಲವಲ್ಲ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ನಿಜ, ಸಾಕಿದ ಮಗುವನ್ನು ಅದರ ಹಡೆದ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರ್‌ಆನ್ ಹೇಳುತ್ತದೆ. ತಂದೆ ಯಾರೆಂದು ತಿಳಿಯದಿದ್ದರೆ ಆ ಮಗು ನಿಮಗೆ ಧರ್ಮದಲ್ಲಿ ಸಹೋದರ ಎಂದೂ ಅಲ್ಲೇ ಹೇಳಿದೆ. ಮಗುವಿನ ಮೂಲವನ್ನು ಅಳಿಸಬೇಡ, ಆದರೆ ಪೊರೆಯುವುದನ್ನು ಬಿಡಬೇಡ ಎಂಬ ಈ ವಿವೇಕ ನನಗೆ ದೊಡ್ಡದೆನ್ನಿಸುತ್ತದೆ. ಗುಲಾಮನಾಗಿ ಮಾರಾಟವಾಗಿ ಪ್ರವಾದಿಯವರ ಮನೆ ಸೇರಿದ್ದ ಝೈದ್ ಅವರನ್ನು ಹುಡುಕಿಕೊಂಡು ಹಡೆದ ತಂದೆ ಹಾರಿಸ ಮಕ್ಕಾದವರೆಗೆ ಬಂದ ಕಥೆಯಿದೆ. ಹೋಗುವುದು, ಉಳಿಯುವುದು ನಿನ್ನ ಇಷ್ಟವೆಂದು ಹುಡುಗನಿಗೇ ಬಿಟ್ಟರು. ಅವನು ಉಳಿದ. ಇನ್ನು ಈ ದೇಶದ ಕಾನೂನಿನ ಮಾತು: ಯಾವ ಧರ್ಮದವರೂ ಬಾಲನ್ಯಾಯ ಕಾಯಿದೆಯಡಿ ದತ್ತು ಪಡೆಯಬಹುದೆಂದು 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಬೇಕಾದವರು ಪಡೆಯಲಿ, ಬೇಡವಾದವರು ತಮ್ಮ ಧರ್ಮದ ನಿಯಮದಂತೆ ನಡೆಯಲಿ ಎಂದಿತು. ಸಿನಿಮಾದ ದರ್ಜಿಗೆ ಇದಾವುದೂ ಗೊತ್ತಿರಲಿಲ್ಲ. ಮಗು ಅಳುತ್ತಿತ್ತು, ಎತ್ತಿಕೊಂಡ.

ಎತ್ತಿಕೊಳ್ಳುವುದು ಈಗ ಅಷ್ಟು ಸುಲಭವೇ? 2019ರ ಆಗಸ್ಟ್‌ನಲ್ಲಿ ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಅಲ್ಲಿ ಕೇಳಿದ್ದು ಅಪ್ಪನ, ತಾತನ ಕಾಗದ. ಗಾಂಧಿ ಪ್ರತಿಮೆಯ ಬುಡದಲ್ಲಿ ಕಳೆದುಹೋದವನು ಯಾವ ಅಪ್ಪನ ಕಾಗದ ತರಬೇಕು? ಹಡೆದವನದು ಸಿಕ್ಕುವುದಿಲ್ಲ, ಸಾಕಿದವನದು ನಡೆಯುವುದಿಲ್ಲ.

ಆ ರಾತ್ರಿ ಇಷ್ಟನ್ನೆಲ್ಲ ಮಗಳಿಗೆ ಹೇಳಲಿಲ್ಲ. “ಅಕ್ಬರ್‌ನನ್ನೇ ಕೇಳಿದ್ರೆ ಏನಂತಿದ್ದ?” ಎಂದೆ.

“ಅವ್ನು ಕವ್ವಾಲಿ ಹಾಡ್ತಿದ್ದ” ಎಂದಳು, ನಗುತ್ತ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ಅಬ್ಬಾ, ಆಧಾರ್ ಕಾರ್ಡಲ್ಲಿ ಅಪ್ಪನ ಹೆಸರು ಯಾರದ್ದು ಬರೆಸ್ತಿದ್ದ?”

ನಾನು ಮತ್ತೆ ತಡವರಿಸುತ್ತಿದ್ದೆ. ಮೂಲೆಯ ಮಂಚದಲ್ಲಿ ತಸ್ಬೀಹ್ ಹಿಡಿದು ಮಲಗಿದ್ದ ಅಮ್ಮಿ ನಿದ್ದೆ ಹೋಗಿದ್ದಾರೆಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಆ ದರ್ಜಿ ಕೊನೆಗೆ ಏನಾದ? ಮಗನ ಖುಷಿ ನೋಡೋಕೆ ಅವನು ಇದ್ದನೋ ಇಲ್ಲವೋ?”

ಇಷ್ಟು ಸಲ ನೋಡಿದರೂ ಕೊನೆಯ ಸಂಭ್ರಮದಲ್ಲಿ ಅವನನ್ನು ಹುಡುಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮಗಳು ರಿಮೋಟ್ ಹಿಡಿದು ಸಿನಿಮಾವನ್ನು ಹಿಂದಕ್ಕೆ ಓಡಿಸತೊಡಗಿದಳು.